ಕನ್ನಡಕ್ಕೆ ಕಥೆ ಬೇಕು, ಕಥೆಗೆ ದನಿ ಬೇಕು

ಸಾಹಿತ್ಯದ ಗಂಭೀರ ಓದುಗರೆಂದು ತಮ್ಮನ್ನು ಕರೆದುಕೊಳ್ಳುವ ನಮ್ಮಂಥವರಿಗೆ ಮಾಯಾಮಂತ್ರಗಳ ಸಾಹಸ ಕಾದಂಬರಿಗಳ ಬಗ್ಗೆ ಒಂದು ಬಗೆಯ ಉದಾಸೀನವಿದೆ. ಮಕ್ಕಳು ಓದಿಕೊಂಡಿರಲಿ, ಬುದ್ಧಿ ಬಲಿತ ಮೇಲೆ ತಾವಾಗಿಯೇ ಬಿಟ್ಟುಬಿಡುತ್ತಾರೆ ಎಂಬ ಸಮಾಧಾನದಲ್ಲಿ ಅವುಗಳನ್ನು ಪಕ್ಕಕ್ಕಿಡುತ್ತೇವೆ. ನಮ್ಮ ಕೂಟಗಳ ಚರ್ಚೆಗೆ ಕಾರಂತರು ಬರುತ್ತಾರೆ, ಕುವೆಂಪು ಬರುತ್ತಾರೆ, ಬೇಂದ್ರೆ ಬರುತ್ತಾರೆ. ಪುಸ್ತಕದ ಪುಟದಿಂದ ಎದ್ದು ಹೊರಬರುವ ಖಳನಾಯಕನಿಗೆ ಅಲ್ಲಿ ಕುರ್ಚಿ ಇರುವುದಿಲ್ಲ. ಆದರೂ ಈ ಸಲ ಅಂಥದೊಂದು ಕಾದಂಬರಿಯನ್ನೇ ಮುಂದಿಟ್ಟುಕೊಂಡು ನಮ್ಮ ಮನೆಯ ಪ್ರಶ್ನೆಯೊಂದನ್ನು ಕೇಳಿಕೊಳ್ಳಬೇಕೆನಿಸಿದೆ. ಹೊರನಾಡ ಕನ್ನಡಿಗರ ಮಕ್ಕಳು ಕನ್ನಡ ಓದುವುದಿಲ್ಲವೆಂಬ ನಮ್ಮ ಹಳೆಯ ಕೊರಗಿಗೆ ಆ ಕಾದಂಬರಿಯಲ್ಲಿ ಒಂದು ಉತ್ತರವಿದೆ ಎಂಬುದು ನಮ್ಮ ನಂಬಿಕೆ.

ಜರ್ಮನ್ ಲೇಖಕಿ ಕೊರ್ನೇಲಿಯಾ ಫುಂಕೆ ಅವರ ‘ಟಿಂಟೆನ್‌ಹೆರ್ಟ್ಸ್’ 2003ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಂಥಿಯಾ ಬೆಲ್ ಅವರು ಮಾಡಿದ ಇಂಗ್ಲಿಷ್ ಅನುವಾದ ‘ಇಂಕ್‌ಹಾರ್ಟ್’ ಎಂಬ ಹೆಸರಿನಲ್ಲಿ ಬಂದಿತು. 2008ರಲ್ಲಿ ಚಲನಚಿತ್ರವೂ ಆಯಿತು. ನಮ್ಮ ಮಕ್ಕಳಲ್ಲಿ ಕೆಲವರಾದರೂ ಇದನ್ನು ಇಂಗ್ಲಿಷಿನಲ್ಲಿ ಓದಿರಬಹುದು.

ಕಥೆಯ ನಾಯಕ ಮೋ, ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಕಟ್ಟಿ ಕೊಡುವ ಕುಶಲಕರ್ಮಿ. ಅವನಿಗೆ ಹನ್ನೆರಡು ವರ್ಷದ ಮಗಳು, ಮೆಗ್ಗಿ. ಮನೆಯ ತುಂಬ ಪುಸ್ತಕಗಳು. ಆದರೆ ಆ ಮನೆಯಲ್ಲೊಂದು ವಿಚಿತ್ರವಿದೆ: ತಂದೆ ಮಗಳಿಗೆ ಎಂದೂ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವುದಿಲ್ಲ. ಕಾರಣ ನಿಧಾನವಾಗಿ ತಿಳಿಯುತ್ತದೆ. ಮೋನ ದನಿಗೆ ಒಂದು ಶಕ್ತಿಯಿದೆ. ಅವನು ಗಟ್ಟಿಯಾಗಿ ಓದಿದರೆ ಪುಸ್ತಕದೊಳಗಿನ ವಸ್ತುಗಳೂ ವ್ಯಕ್ತಿಗಳೂ ಜೀವತಳೆದು ಈಚೆಗೆ ಬಂದುಬಿಡುತ್ತವೆ. ಮೆಗ್ಗಿ ಎಳೆಯ ಮಗುವಾಗಿದ್ದಾಗ ಒಂದು ಸಂಜೆ ಅವನು ಹೆಂಡತಿಗೆ ‘ಇಂಕ್‌ಹಾರ್ಟ್’ ಎಂಬ ಕಥೆಯನ್ನು ಓದುತ್ತಿದ್ದ. ಅದರೊಳಗಿಂದ ಕ್ಯಾಪ್ರಿಕಾರ್ನ್ ಎಂಬ ಕ್ರೂರಿ, ಅವನ ಬಂಟ ಬಾಸ್ತ, ಬೆಂಕಿಯಾಟದ ಡಸ್ಟ್‌ಫಿಂಗರ್ ಈ ಮೂವರೂ ಕೋಣೆಯೊಳಗೆ ಬಂದು ನಿಂತರು. ಅದೇ ಗಳಿಗೆಯಲ್ಲಿ ಹೆಂಡತಿ ರೇಸಾ ಪುಸ್ತಕದೊಳಗೆ ಮರೆಯಾದಳು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಓದು ಉಂಟು, ಓದುವ ದನಿ ಇಲ್ಲ.

ಇಲ್ಲಿಂದ ಕಥೆ ಸಾಹಸದ ದಾರಿ ಹಿಡಿಯುತ್ತದೆ. ಕ್ಯಾಪ್ರಿಕಾರ್ನ್ ಇಟಲಿಯ ಬೆಟ್ಟಗಳ ನಡುವಿನ ಹಳ್ಳಿಯೊಂದರಲ್ಲಿ ತನ್ನ ದರ್ಬಾರು ಹೂಡಿದ್ದಾನೆ. ತಾನು ಹುಟ್ಟಿದ ಪುಸ್ತಕದ ಪ್ರತಿಗಳನ್ನೆಲ್ಲ ಹುಡುಕಿ ತರಿಸಿ ಸುಡಿಸುತ್ತಿದ್ದಾನೆ. ಹಿಂದಕ್ಕೆ ಹೋಗುವ ಮನಸ್ಸು ಅವನಿಗಿಲ್ಲ. ಮೋನನ್ನು ಹಿಡಿತರಿಸಿ, ‘ಟ್ರೆಷರ್ ಐಲೆಂಡ್’ನಿಂದಲೂ ಸಾವಿರದೊಂದು ರಾತ್ರಿಗಳ ಕಥೆಗಳಿಂದಲೂ ಚಿನ್ನವನ್ನು ಓದಿ ಹೊರಗೆ ತರಿಸುತ್ತಾನೆ. ಚಿನ್ನದ ಜೊತೆಗೆ ಫರೀದ್ ಎಂಬ ಅರಬ್ ಹುಡುಗನೂ ಬಂದುಬೀಳುತ್ತಾನೆ. ಮುಂದಿನದನ್ನು ಪೂರ್ತಿ ಹೇಳಿ ಓದುಗರ ಸುಖವನ್ನು ಕಸಿಯುವುದು ಬೇಡ. ನಮಗೆ ಮುಖ್ಯವಾದದ್ದು ಈ ಮಾಯೆಯ ನಿಯಮಗಳು.

ಮೊದಲನೆಯ ನಿಯಮ: ಶಕ್ತಿ ಇರುವುದು ಪುಸ್ತಕದಲ್ಲಲ್ಲ, ಓದುವ ದನಿಯಲ್ಲಿ. ಮೋನ ಹೆಂಡತಿಯ ಬಂಧು ಎಲಿನಾರ್ ಬಳಿ ಅಪರೂಪದ ಗ್ರಂಥಭಂಡಾರವೇ ಇದೆ. ಧೂಳು ಸೋಕದಂತೆ ಜೋಪಾನ ಮಾಡಿದ್ದಾಳೆ. ಆದರೆ ಆ ಸಾವಿರಾರು ಪುಸ್ತಕಗಳಿಂದ ಒಂದು ಇಲಿಮರಿಯೂ ಹೊರಬಂದಿಲ್ಲ. ಕ್ಯಾಪ್ರಿಕಾರ್ನ್‌ನ ಆಳುಗಳು ಅವುಗಳಿಗೆ ಬೆಂಕಿಯಿಟ್ಟಾಗ ಬೂದಿಯಾಗುತ್ತವೆ, ಅಷ್ಟೆ. ಕಪಾಟಿನ ಪುಸ್ತಕ ತನ್ನನ್ನು ತಾನು ಕಾಪಾಡಿಕೊಳ್ಳಲಾರದು.

ಎರಡನೆಯ ನಿಯಮ: ಒಂದು ಒಳಬಂದರೆ ಇನ್ನೊಂದು ಹೊರಹೋಗುತ್ತದೆ. ಓದಿಗೆ ಬೆಲೆ ತೆರದೆ ಗತಿಯಿಲ್ಲ.

ಮೂರನೆಯ ನಿಯಮವೇ ನಮ್ಮನ್ನು ಹೆಚ್ಚು ಕಾಡಿದ್ದು. ಕ್ಯಾಪ್ರಿಕಾರ್ನ್ ಬಳಿ ಮೋನಿಗಿಂತ ಮೊದಲೇ ಒಬ್ಬ ಓದುಗನಿದ್ದ, ಡೇರಿಯಸ್ ಎಂಬವನು. ಅವನಿಗೂ ಆ ಶಕ್ತಿಯಿತ್ತು. ಆದರೆ ಯಜಮಾನನ ಭಯದಲ್ಲಿ ಓದುತ್ತಿದ್ದುದರಿಂದ ನಾಲಿಗೆ ತೊದಲುತ್ತಿತ್ತು. ತೊದಲಿದ ಓದಿನಿಂದ ಬಂದವರು ಊನವಾಗಿಯೇ ಬಂದರು. ಒಬ್ಬನಿಗೆ ಕಾಲು ಕುಂಟು, ಇನ್ನೊಬ್ಬನ ಮುಖ ಚಪ್ಪಟೆ. ಪುಸ್ತಕದೊಳಗೆ ಕಾಣೆಯಾಗಿದ್ದ ಮೆಗ್ಗಿಯ ತಾಯಿಯನ್ನು ಈಚೆಗೆ ತಂದವನೂ ಅವನೇ. ಅವಳು ಬಂದಳು, ಆದರೆ ದನಿ ಕಳೆದುಕೊಂಡು ಬಂದಳು. ಮಗಳ ಎದುರು ನಿಂತರೂ ಮಾತಾಡಿಸಲಾರಳು. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಬೇಕು.

ಹೆದರಿಕೆಯ ಓದು ತಾಯಿಯನ್ನು ಮೂಕಳನ್ನಾಗಿಸುತ್ತದೆ. ತಾಯ್ನುಡಿಯ ಬಗ್ಗೆ ಪ್ರತಿ ನವೆಂಬರಿನಲ್ಲಿ ಭಾಷಣ ಕೇಳುವ ನಾವು ಈ ಚಿತ್ರದ ಮುಂದೆ ಒಂದು ಕ್ಷಣ ನಿಲ್ಲಲೇಬೇಕು.

ಇದೇ ಬಗೆಯ ಇನ್ನೊಂದು ಜರ್ಮನ್ ಕಾದಂಬರಿಯನ್ನೂ ಇಲ್ಲಿ ನೆನೆಯಬೇಕು. ಮಿಖಾಯೆಲ್ ಎಂಡೆ ಅವರ ‘ಮುಗಿಯದ ಕಥೆ’ 1979ರಲ್ಲಿ ಬಂತು. ಅದರಲ್ಲಿ ಬಾಸ್ಟಿಯನ್ ಎಂಬ ಒಂಟಿ ಹುಡುಗ ಪುಸ್ತಕದಂಗಡಿಯಿಂದ ಕದ್ದ ಪುಸ್ತಕವೊಂದನ್ನು ಶಾಲೆಯ ಅಟ್ಟದಲ್ಲಿ ಕುಳಿತು ಓದುತ್ತಾನೆ. ಓದುತ್ತ ಓದುತ್ತ ಆ ಲೋಕದೊಳಕ್ಕೇ ಹೋಗುತ್ತಾನೆ. ಅಲ್ಲಿ ಅವನು ಬಯಸಿದ್ದೆಲ್ಲ ನಡೆಯುತ್ತದೆ. ಆದರೆ ಒಂದೊಂದು ಬಯಕೆಗೂ ತನ್ನ ಹಳೆಯ ಬದುಕಿನ ಒಂದೊಂದು ನೆನಪನ್ನು ಕೊಟ್ಟುಬಿಡಬೇಕು. ಧೈರ್ಯ ಬರುತ್ತದೆ, ಅಂದ ಬರುತ್ತದೆ, ಕೀರ್ತಿ ಬರುತ್ತದೆ. ಶಾಲೆ ಮರೆಯುತ್ತದೆ, ಮನೆ ಮರೆಯುತ್ತದೆ, ತಂದೆ ತಾಯಿ ಮರೆಯುತ್ತಾರೆ, ಕೊನೆಗೆ ಸ್ವಂತ ಹೆಸರೂ ಮರೆಯುತ್ತದೆ. ಹೀಗೆ ನೆನಪನ್ನೆಲ್ಲ ಖರ್ಚು ಮಾಡಿ, ಹಿಂದಿರುಗುವ ದಾರಿ ಕಾಣದೆ ಅಲ್ಲಿಯೇ ಉಳಿದುಹೋದವರದ್ದೇ ಒಂದು ಪಟ್ಟಣವೂ ಆ ಕಥೆಯಲ್ಲಿದೆ.

ಹೊಟ್ಟೆಪಾಡಿಗೆ ಊರು ಬಿಟ್ಟವರಿಗೆ, ವರ್ಗಾವಣೆಯ ಆದೇಶದ ಹಿಂದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ನಮ್ಮಂಥ ಕೇಂದ್ರ ಸರ್ಕಾರದ ನೌಕರರಿಗೆ, ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡ್ತಿಗೆ ಒಂದು ನೆನಪು, ಕ್ವಾರ್ಟರ್ಸಿಗೆ ಒಂದು ನೆನಪು, ಮಗುವಿನ ಒಳ್ಳೆಯ ಶಾಲೆಗೆ ಇನ್ನೊಂದು. ನಾವು ತೆತ್ತ ಬೆಲೆ ನಮಗೆ ಗೊತ್ತಿದೆ. ನಮ್ಮ ಮಕ್ಕಳ ಪಾಲಿನದನ್ನೂ ನಾವೇ ತೆತ್ತಿದ್ದೇವೆ. ಅದು ಅವರಿಗೆ ಗೊತ್ತಿಲ್ಲ.

ಇವೆಲ್ಲ ಜರ್ಮನಿಯ ಸರಕಾಯಿತು, ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಗಟ್ಟಿಯಾಗಿ ಓದುವ ದನಿ, ಬೆಂಕಿಗೆ ಬಿದ್ದ ಪುಸ್ತಕ, ಮೂಕವಾದ ನಾಲಿಗೆ ಈ ಮೂರನ್ನೂ ಒಂದೇ ಕಥೆಯಲ್ಲಿ ನಮ್ಮವರು ಸಾವಿರ ವರ್ಷಗಳ ಹಿಂದೆಯೇ ಹೇಳಿಟ್ಟಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ದ ಆರಂಭದಲ್ಲಿಯೇ ಗುಣಾಢ್ಯನ ವೃತ್ತಾಂತವಿದೆ. ಸಾತವಾಹನ ರಾಜನಿಗೆ ಸಂಸ್ಕೃತ ವ್ಯಾಕರಣ ಕಲಿಸಲು ಆರು ವರ್ಷ ಬೇಕೆಂದ ಗುಣಾಢ್ಯ. ಆರೇ ತಿಂಗಳು ಸಾಕೆಂದ ಶರ್ವವರ್ಮ. ಹಾಗಾದಲ್ಲಿ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುತ್ತೇನೆಂದು ಗುಣಾಢ್ಯ ಪಂಥ ಕಟ್ಟಿ ಸೋತ. ಇದ್ದ ಭಾಷೆಗಳೆಲ್ಲ ಹೋದ ಮೇಲೆ ಅವನು ಮೌನಿಯಾಗಿ ವಿಂಧ್ಯದ ಕಾಡು ಸೇರಿದ. ಅಲ್ಲಿ ಪೈಶಾಚಿ ಕಲಿತು, ಏಳು ವರ್ಷಗಳಲ್ಲಿ ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಬರೆದ. ಮಸಿಯಿಲ್ಲದ ಕಾಡಿನಲ್ಲಿ ತನ್ನ ರಕ್ತದಿಂದಲೇ ಬರೆದ.

ಶಿಷ್ಯರು ಅದನ್ನು ರಾಜನಲ್ಲಿಗೆ ಒಯ್ದರು. ಭಾಷೆ ಪೈಶಾಚಿ, ಬರಹ ರಕ್ತದ್ದು ಎಂದು ರಾಜ ತಿರಸ್ಕರಿಸಿದ. ಗುಣಾಢ್ಯ ಬೆಟ್ಟದ ಮೇಲೆ ಅಗ್ನಿಕುಂಡ ಹೂಡಿ ಒಂದೊಂದೇ ಓಲೆಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕತೊಡಗಿದ. ಕಾಡಿನ ಮೃಗಪಕ್ಷಿಗಳು ಮೇವು ಬಿಟ್ಟು ಸುತ್ತಲೂ ನಿಂತು ಕಣ್ಣೀರು ಸುರಿಸುತ್ತ ಕೇಳಿದವು. ಇತ್ತ ಅರಮನೆಯ ಅಡುಗೆಮನೆಗೆ ಬರುತ್ತಿದ್ದ ಮಾಂಸ ಒಣಗಿ ನಾರಾಯಿತು. ರಾಜ ಅಸ್ವಸ್ಥನಾದ. ಅಡುಗೆಯವರು ಬೇಡರನ್ನು ದೂರಿದರು. ಬೇಡರು, ಕಾಡಿನ ಪ್ರಾಣಿಗಳೆಲ್ಲ ಊಟ ಬಿಟ್ಟು ಕಥೆ ಕೇಳುತ್ತಿವೆ ಎಂದರು. ರಾಜ ಓಡಿಬಂದಾಗ ಆರು ಲಕ್ಷ ಶ್ಲೋಕಗಳು ಸುಟ್ಟಿದ್ದವು. ಶಿಷ್ಯರಿಗೆ ಪ್ರಿಯವೆಂದು ಉಳಿಸಿಕೊಂಡಿದ್ದ ನರವಾಹನದತ್ತನ ಕಥೆಯ ಒಂದು ಲಕ್ಷ ಮಾತ್ರ ಉಳಿದಿತ್ತು.

ಫುಂಕೆಯವರ ಕಾದಂಬರಿಯಲ್ಲಿ ದನಿ ಕೇಳಿ ಪುಸ್ತಕದವರು ಹೊರಬರುತ್ತಾರೆ. ಗುಣಾಢ್ಯನ ಕಥೆಯಲ್ಲಿ ದನಿ ಕೇಳಿ ಕಾಡೇ ಬಳಿಗೆ ಬರುತ್ತದೆ. ಅರಮನೆ ಬೇಡವೆಂದ ಭಾಷೆಯನ್ನು ಜಿಂಕೆಗಳು ಬೇಡವೆನ್ನಲಿಲ್ಲ. ಕೇಳಿದ್ದು ಕಥೆಯನ್ನು. ಭಾಷೆ ಶಿಷ್ಟವೋ ದುಷ್ಟವೋ ಎಂಬ ವಿಚಾರ ಕೇಳುವ ಕಿವಿಗೆ ಇರಲೇ ಇಲ್ಲ.

ಈ ಕಥೆಯ ಮುಂದಿನ ಇತಿಹಾಸ ಇನ್ನೂ ಗಮನಾರ್ಹ. ಪೈಶಾಚಿಯ ಬೃಹತ್ಕಥೆ ಇಂದು ನಮಗೆ ದೊರೆತಿಲ್ಲ. ಪೈಶಾಚಿಯೂ ಬಳಕೆಯಿಂದ ಹೋಯಿತು. ಕಥೆಗಳು ಮಾತ್ರ ಸೋಮದೇವನಲ್ಲಿ, ಕ್ಷೇಮೇಂದ್ರನ ‘ಬೃಹತ್ಕಥಾಮಂಜರಿ’ಯಲ್ಲಿ, ಬುಧಸ್ವಾಮಿಯ ಶ್ಲೋಕಸಂಗ್ರಹದಲ್ಲಿ ಸಂಸ್ಕೃತದ ಉಡುಗೆಯುಟ್ಟು ಉಳಿದವು. ಗಂಗ ದೊರೆ ದುರ್ವಿನೀತನೂ ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನಗಳು ಹೇಳುತ್ತವೆ. ನಮ್ಮ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದವನು, ಎಂದರೆ ನಮ್ಮಂತೆಯೇ ಸರ್ಕಾರದ ಅನ್ನ ಉಂಡವನು. ಅವನು ವಸುಭಾಗಭಟ್ಟನ ಪಂಚತಂತ್ರವನ್ನು ಕನ್ನಡಿಸುವಾಗ ಅದರ ಮೂಲವನ್ನು ಗುಣಾಢ್ಯನ ಬೃಹತ್ಕಥೆಯಲ್ಲಿಯೇ ಗುರುತಿಸಿದ್ದಾನೆ. ಕಥೆಗೆ ಯಾವ ಭಾಷೆಯಾದರೂ ಸರಿ. ಒಂದು ಮನೆ ಬಿದ್ದರೆ ಇನ್ನೊಂದಕ್ಕೆ ಹೋಗುತ್ತದೆ. ಕಥೆಯನ್ನು ಕಳೆದುಕೊಂಡ ಭಾಷೆಗೆ ಆ ಅನುಕೂಲವಿಲ್ಲ.

ನಮ್ಮ ವಾದದ ತಿರುಳು ಇಷ್ಟೇ: ಕಥೆಗೆ ಕನ್ನಡ ಬೇಕೇಬೇಕೆಂದೇನೂ ಇಲ್ಲ, ಕನ್ನಡಕ್ಕೆ ಕಥೆ ಬೇಕು. ಮುಂಬಯಿಯಲ್ಲೋ ದಿಲ್ಲಿಯಲ್ಲೋ ಬೆಳೆಯುತ್ತಿರುವ ನಮ್ಮ ಮಗುವಿಗೆ ಸಾಹಸವೂ ಮಾಯೆಯೂ ಇಂಗ್ಲಿಷಿನಲ್ಲಿ ಧಾರಾಳವಾಗಿ ಸಿಗುತ್ತವೆ. ಅದರ ಕಲ್ಪನೆಗೆ ಬರಗಾಲವಿಲ್ಲ. ಬರಗಾಲವಿರುವುದು ಆ ಮಗುವಿನ ಕನ್ನಡಕ್ಕೆ. ಅದರ ಪಾಲಿಗೆ ಕನ್ನಡವೆಂದರೆ ‘ಊಟಕ್ಕೆ ಬಾ’, ‘ಹೋಮ್‌ವರ್ಕ್ ಆಯಿತೇ’, ‘ಅಜ್ಜಿಗೆ ಫೋನ್ ಮಾಡು’ ಇಷ್ಟೇ. ಕತ್ತಲೆಯ ಕಾಡು, ಮುಳುಗುವ ಹಡಗು, ಮೋಸಗಾರ ಮಂತ್ರಿ, ಗೆಲ್ಲಲಾರದ ಗೆಳೆಯ, ಇವುಗಳ ಕನ್ನಡ ಅದಕ್ಕೆ ಕೇಳಿಸಿಯೇ ಇಲ್ಲ. ಅಡುಗೆಮನೆಯಷ್ಟೇ ಅಗಲದ ಭಾಷೆಯನ್ನು ಕೊಟ್ಟು, ಅದರಲ್ಲಿ ಕುಮಾರವ್ಯಾಸನನ್ನು ಅರಗಿಸಿಕೊಳ್ಳಬೇಕೆಂದು ನಿರೀಕ್ಷಿಸುತ್ತೇವೆ.

ಹಿಂದೆ ಹೀಗಿರಲಿಲ್ಲ. ಗದುಗಿನ ಭಾರತವನ್ನೋ ಜೈಮಿನಿ ಭಾರತವನ್ನೋ ಸವಿದ ಹಳ್ಳಿಗರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಒಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಿದ್ದರು, ಜಗುಲಿಯ ತುಂಬ ಜನ ಕೇಳುತ್ತಿದ್ದರು. ಗಮಕಿಯ ದನಿಯಲ್ಲಿ ದುರ್ಯೋಧನ ಎದ್ದು ಬರುತ್ತಿದ್ದ. ದ್ರೌಪದಿಯ ಮೊರೆಗೆ ಮುದುಕರ ಕಣ್ಣು ಒದ್ದೆಯಾಗುತ್ತಿತ್ತು. ಪುಸ್ತಕದಿಂದ ಜನರನ್ನು ಹೊರಗೆಳೆಯುವ ವಿದ್ಯೆಗೆ ನಮ್ಮಲ್ಲಿ ಗಮಕವೆಂದು ಹೆಸರು. ಒಬ್ಬೊಬ್ಬರೇ ಮೂಲೆ ಹಿಡಿದು ಕಣ್ಣಿನಲ್ಲಿ ಓದುವುದು ನಮ್ಮ ಬಹುಜನರಿಗೆ ಈಚೆಗೆ ಬಂದ ಅಭ್ಯಾಸ. ಅದು ಬಂದದ್ದು ಒಳ್ಳೆಯದೇ. ಆದರೆ ಅದು ಬರುವಾಗ, ಎರಡನೆಯ ನಿಯಮದಂತೆ, ಇನ್ನೊಂದು ಹೊರಹೋಯಿತು.

ಮುಂಬಯಿಯ ಕನ್ನಡಿಗರ ಚರಿತ್ರೆ ಇಲ್ಲಿ ಪ್ರಸ್ತುತ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಕನ್ನಡ ಓದಿದ ತಲೆಮಾರು ಆ ನಗರದಲ್ಲಿತ್ತು. ಅವರಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡ ಅವರಿಗೆ ಪುಸ್ತಕದ ಮೂಲಕ, ಮೇಷ್ಟರ ದನಿಯ ಮೂಲಕ ದಕ್ಕಿದ ಭಾಷೆ. ಆದುದರಿಂದ ಮನೆಯಲ್ಲಿ ಮಾತಾಡುವ ವಾತಾವರಣವಿಲ್ಲದಿದ್ದರೆ ಕನ್ನಡ ಉಳಿಯದು ಎಂಬ ಮಾತು ಪೂರ್ತಿ ನಿಜವಲ್ಲ. ಓದುವ ಹಸಿವಿದ್ದರೆ ಉಳಿಯುತ್ತದೆ. ಹಸಿವು ಹುಟ್ಟಿಸುವುದು ಯಾವುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೂ ನಮ್ಮ ಹಿರಿಯರ ಉತ್ತರ ಸಾಹಸಕಥೆಯೇ ಆಗಿತ್ತು. ಗಳಗನಾಥರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿ, ಮರಾಠಿಯ ಪ್ರಾಬಲ್ಯದ ನಡುವೆ, ಕನ್ನಡ ಓದುಗರನ್ನು ಕಟ್ಟಿದರು. ಯುದ್ಧ, ಒಳಸಂಚು, ವೇಷ ಮರೆಸಿದ ವೀರರು, ಸೆರೆಯಾದ ರಾಜಕುಮಾರಿಯರು, ಇಂಥವುಗಳಿಂದ ತುಂಬಿದ ಐತಿಹಾಸಿಕ ಕಾದಂಬರಿಗಳನ್ನು ಬರೆದರು. ಅವುಗಳಲ್ಲಿ ಕೆಲವಂತೂ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನೇ ಆಧರಿಸಿದವು. ಬರೆದದ್ದನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇನ್ನೊಂದು ನಿದರ್ಶನ ಮದರಾಸಿನದು. 1947ರಲ್ಲಿ ಅಲ್ಲಿ ಆರಂಭವಾದ ‘ಚಂದಮಾಮ’ ಎರಡು ವರ್ಷಗಳೊಳಗೆ ಕನ್ನಡದಲ್ಲಿಯೂ ಹೊರಬಂತು. ಕರ್ನಾಟಕದ ಹೊರಗೆ ಮುದ್ರಣವಾಗುತ್ತಿದ್ದ ಆ ಮಾಸಪತ್ರಿಕೆ ಎಷ್ಟು ಮಕ್ಕಳಿಗೆ ಕನ್ನಡ ಓದಿಸಿತೆಂಬುದನ್ನು ನಮ್ಮ ವಯಸ್ಸಿನವರು ತಮ್ಮ ತಮ್ಮಲ್ಲಿಯೇ ವಿಚಾರಿಸಿಕೊಳ್ಳಬಹುದು. ಹೆಗಲ ಮೇಲಿನ ಬೇತಾಳ ಮಾತು ನಿಲ್ಲಿಸಿದ ಕಡೆ ನಾವು ಮುಂದಿನ ತಿಂಗಳಿಗಾಗಿ ಕಾದಿದ್ದೇವೆ. ಯಾರೂ ಅದನ್ನು ಭಾಷಾಸೇವೆಯೆಂದು ತಿಳಿದು ಓದಲಿಲ್ಲ.

ಇಂದಿನ ನಮ್ಮ ಉಪಾಯಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಸಂಘಗಳ ಕನ್ನಡ ಕಲಿಕೆಯ ತರಗತಿಗಳಿಗೂ ಅಲ್ಲಿ ಸಂಬಳವಿಲ್ಲದೆ ದುಡಿಯುವವರಿಗೂ ನಮ್ಮ ಗೌರವವಿದೆ. ಆದರೆ ಅಕ್ಷರಮಾಲೆ ಮುಗಿಸಿ, ಕಾಗುಣಿತ ದಾಟಿ, ಒತ್ತಕ್ಷರದವರೆಗೆ ಬಂದ ಮಗುವಿನ ಕೈಗೆ ಮುಂದೆ ಏನನ್ನು ಕೊಡುತ್ತೇವೆ? ನಾಡಿನ ಹಿರಿಮೆಯ ಮೇಲೊಂದು ಪಾಠ, ರಾಜ್ಯೋತ್ಸವಕ್ಕೆ ಬಾಯಿಪಾಠ ಮಾಡಬೇಕಾದ ಭಾಷಣ. ಮಗು ಅದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು, ವೇದಿಕೆಯ ಮೇಲೆ ನಿಂತು, ತಪ್ಪಾದೀತೆಂಬ ಅಳುಕಿನಲ್ಲಿ ಒಪ್ಪಿಸುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಅಲ್ಪಪ್ರಾಣ ಮಹಾಪ್ರಾಣಗಳನ್ನು ಎಣಿಸುತ್ತಾರೆ. ಚಪ್ಪಾಳೆಯೂ ಬೀಳುತ್ತದೆ, ಸ್ಟೀಲಿನ ಡಬ್ಬಿಯೊಂದು ಬಹುಮಾನವಾಗಿಯೂ ಬರುತ್ತದೆ. ಇದು ಡೇರಿಯಸ್‌ನ ಓದು. ಇದರಿಂದ ಹೊರಬರುವ ಕನ್ನಡ ಕುಂಟುತ್ತದೆ, ಇಲ್ಲವೇ ಮೂಕವಾಗಿ ನಿಲ್ಲುತ್ತದೆ. ತಪ್ಪು ಆ ಮಗುವಿನದಲ್ಲ. ನಾಡಿನ ಮಾನವನ್ನು ಅದರ ನಾಲಿಗೆಯ ಮೇಲಿಟ್ಟು ಓದಲು ಹೇಳಿದ ಏರ್ಪಾಟಿನದು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನೋಡಬೇಕು.

ಮಾಯೆಯ ಕಥೆಗಳು ಮಕ್ಕಳನ್ನು ವಾಸ್ತವದಿಂದ ದೂರ ಒಯ್ಯುತ್ತವೆ ಎಂಬುದು ಮೊದಲನೆಯದು. ನಾವು ಹೇಳಿದ ಎರಡೂ ಕಾದಂಬರಿಗಳು ಇದನ್ನು ತಮ್ಮೊಳಗೇ ಚರ್ಚಿಸಿವೆ. ಬಾಸ್ಟಿಯನ್ ಕಲ್ಪನಾಲೋಕದಲ್ಲಿ ಚಕ್ರವರ್ತಿಯಾಗಲು ಹೊರಟು ನಾಶದ ಅಂಚಿಗೆ ಬರುತ್ತಾನೆ. ಅವನನ್ನು ಉಳಿಸುವುದು ತಂದೆಯ ಒಂದು ಚಿತ್ರ, ಆ ತಂದೆಗೆ ಪ್ರೀತಿಯನ್ನು ಕೊಂಡೊಯ್ಯಬೇಕೆಂಬ ಹಂಬಲ. ‘ಇಂಕ್‌ಹಾರ್ಟ್’ನ ಡಸ್ಟ್‌ಫಿಂಗರ್ ತನ್ನ ಇಚ್ಛೆಗೆ ವಿರುದ್ಧವಾಗಿ ಪರಲೋಕಕ್ಕೆ ಎಳೆತಂದವನು, ವರ್ಷಾನುಗಟ್ಟಲೆ ತನ್ನ ಊರಿಗಾಗಿ ಹಲುಬುವವನು. ಊರು ಬಿಟ್ಟವರ ಸಂಕಟವನ್ನು ಇಷ್ಟು ನೇರವಾಗಿ ಚಿತ್ರಿಸಿದ ಪಾತ್ರ ವಾಸ್ತವವಾದಿ ಕಾದಂಬರಿಗಳಲ್ಲಿಯೂ ವಿರಳ. ಹಿಂದಿರುಗಿದರೆ ಅಲ್ಲಿ ಸಾವು ಕಾದಿದೆಯೆಂದು ಕರ್ತೃವೇ ತಿಳಿಸಿದರೂ ಅವನ ಹಂಬಲ ಆರುವುದಿಲ್ಲ. ನಮ್ಮ ಮಕ್ಕಳು ತಮ್ಮ ಅಜ್ಜನ ಮೌನವನ್ನು ಅರಿಯುವುದಕ್ಕೆ ಇಂಥ ಪಾತ್ರವೊಂದು ನೆರವಾದೀತು.

ಎರಡನೆಯದು: ಪರದೇಶದ ಕಥೆಗಳೇ ಏಕೆ, ನಮ್ಮವೇ ಇಲ್ಲವೇ? ಇವೆ, ಬೇತಾಳನಿದ್ದಾನೆ, ಗುಣಾಢ್ಯನಿದ್ದಾನೆ, ದುರ್ಗಸಿಂಹನ ನರಿಗಳಿವೆ. ಮೊದಲು ಅವೇ ಬರಲಿ. ಆದರೆ ಮೊದಲ ಓದಿನ ಹಂತ ದಾಟಿದ, ಹನ್ನೆರಡರಿಂದ ಹದಿನಾರರ ನಡುವಿನ ಮಗುವಿಗೆ ಬೇಕಾದ ನೀಳ ಸಾಹಸ ಕಾದಂಬರಿಗಳು ಕನ್ನಡದಲ್ಲಿ ಸಾಲವು. ಗಳಗನಾಥರು ಮರಾಠಿಯಿಂದ ತಂದರು; ದುರ್ಗಸಿಂಹ ಸಂಸ್ಕೃತದಿಂದ ತಂದ. ಜರ್ಮನಿನಿಂದ, ಇಂಗ್ಲಿಷಿನಿಂದ, ಬಂಗಾಳಿಯಿಂದ ನಾವು ತರಬಾರದೇಕೆ? ಎರಡು ಮೂರು ಭಾಷೆಗಳ ನಡುವೆ ದಿನಗಳೆಯುವ ಹೊರನಾಡ ಕನ್ನಡಿಗರಿಗಿಂತ ಈ ಕೆಲಸಕ್ಕೆ ಅರ್ಹರು ಯಾರು? ನಮ್ಮಲ್ಲಿ ಕವಿತೆ ಅನುವಾದಿಸುವವರು ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬಿಬ್ಬರು ಮಕ್ಕಳ ಕಡೆ ತಿರುಗಿದರೂ ದೊಡ್ಡ ಉಪಕಾರ.

ಮೂರನೆಯದು ಈ ಕಾಲದ ಆಕ್ಷೇಪ: ಧ್ವನಿಪುಸ್ತಕಗಳು ಮೊಬೈಲಿನಲ್ಲಿಯೇ ಸಿಗುವಾಗ ನಾವು ಗಂಟಲು ನೋಯಿಸಿಕೊಳ್ಳುವುದೇಕೆ? ಅವುಗಳನ್ನೂ ಕೇಳೋಣ. ಆದರೆ ಯಂತ್ರದ ದನಿ ಕೇಳುಗನ ಮುಖ ನೋಡುವುದಿಲ್ಲ. ಮಗುವಿನ ಹುಬ್ಬು ಗಂಟಿಕ್ಕಿದಾಗ ನಿಂತು ‘ಹೆಬ್ಬಾಗಿಲು ಅಂದರೆ ದೊಡ್ಡ ಬಾಗಿಲು, ಕೋಟೆಗೆ ಇರುತ್ತದಲ್ಲ, ಅದು’ ಎನ್ನುವುದಿಲ್ಲ. ಅಪ್ಪನ ಧಾರವಾಡದ ದನಿ, ಅಮ್ಮನ ಕುಂದಾಪುರದ ರಾಗ, ಅಜ್ಜನ ಮೈಸೂರಿನ ನಿಧಾನ, ಇವು ಅದರಲ್ಲಿ ಇರುವುದಿಲ್ಲ. ಮಗುವಿಗೆ ಕನ್ನಡ ಬೇಕಾಗುವುದು ಕನ್ನಡ ಶ್ರೇಷ್ಠವೆಂಬ ಕಾರಣಕ್ಕಲ್ಲ, ಅದು ತನ್ನವರ ದನಿಯೆಂಬ ಕಾರಣಕ್ಕೆ.

ಆದುದರಿಂದ ನಮ್ಮ ಸಲಹೆ ತೀರ ಸಣ್ಣದು, ಖರ್ಚಿಲ್ಲದ್ದು. ಮನೆಯಲ್ಲಿ ರಾತ್ರಿ ಹದಿನೈದು ನಿಮಿಷ ಒಬ್ಬರು ಗಟ್ಟಿಯಾಗಿ ಓದಲಿ. ಪ್ರತಿ ಪದಕ್ಕೂ ಇಂಗ್ಲಿಷಿನಲ್ಲಿ ಅರ್ಥ ಹೇಳುವುದು ಬೇಡ. ಕಥೆಯ ಓಟದಲ್ಲಿ ಅರ್ಧದಷ್ಟು ಪದಗಳು ತಾವಾಗಿಯೇ ತಿಳಿಯುತ್ತವೆ. ಓದಿನ ಕೊನೆಯಲ್ಲಿ ನೀತಿ ಕೇಳುವುದು ಬೇಡ, ಪ್ರಶ್ನೆ ಕೇಳುವುದಂತೂ ಬೇಡವೇ ಬೇಡ. ಕೋಟೆಯ ಬಾಗಿಲು ಬಡಿದ ಸದ್ದಾದ ಕಡೆ ಪುಸ್ತಕ ಮುಚ್ಚಿ ದೀಪ ಆರಿಸಲಿ. ನಾಳೆಯ ರಾತ್ರಿಯವರೆಗೆ ಕಾಯಲಾರದ ಮಗು ಬೆಳಿಗ್ಗೆ ತಾನೇ ಪುಸ್ತಕ ತೆರೆದು ಒಂದೊಂದೇ ಅಕ್ಷರ ಕೂಡಿಸಲು ಹವಣಿಸಿದರೆ, ಅದಕ್ಕಿಂತ ಒಳ್ಳೆಯ ಕನ್ನಡ ತರಗತಿ ಇನ್ನೊಂದಿಲ್ಲ. ಇನ್ನು ನಮ್ಮ ಸಂಘಗಳೂ ಸಾಹಿತ್ಯ ಕೂಟಗಳೂ ತಿಂಗಳ ಸಭೆಯ ಮೊದಲ ಅರ್ಧ ಗಂಟೆಯನ್ನು ಮಕ್ಕಳಿಗೆ ಬಿಟ್ಟುಕೊಡಲಿ. ಅಧ್ಯಕ್ಷರ ನುಡಿಯಿಂದ ಆ ಅರ್ಧ ಗಂಟೆಯನ್ನು ಕಡಿತ ಮಾಡಿದರೆ ಅಧ್ಯಕ್ಷರೂ ಬೇಸರಪಡಲಾರರು. ಧಾರಾವಾಹಿಯಂತೆ ಒಂದೇ ಕಥೆ ಓದಲಿ, ಪ್ರತಿ ತಿಂಗಳೂ ಬೇರೆ ಬೇರೆ ದನಿಯಲ್ಲಿ. ಸ್ಪರ್ಧೆ ಬೇಡ, ಬಹುಮಾನ ಬೇಡ, ತೀರ್ಪುಗಾರರು ಬೇಡ.

ಮಕ್ಕಳಿಗೆ ಲಿಪಿ ಬಾರದ ಮೇಲೆ ಕೇಳಿಸಿ ಫಲವೇನು ಎಂದು ಕೈಚೆಲ್ಲುವವರಿಗೆ ಒಂದೇ ಮಾತು. ಲಿಪಿ ಬಾಗಿಲು, ಒಳಗೆ ಏನಿದೆಯೆಂಬುದು ಕಿವಿಗೆ ಬೀಳದೆ ಯಾವ ಮಗುವೂ ಬಾಗಿಲು ತಟ್ಟುವುದಿಲ್ಲ. ಜಗುಲಿಯಲ್ಲಿ ಕುಳಿತು ಭಾರತ ಕೇಳಿದವರ ಮೊಮ್ಮಕ್ಕಳೇ ಮುಂದೆ ಅದನ್ನು ಓದಿದರು.

‘ಇಂಕ್‌ಹಾರ್ಟ್’ನಲ್ಲಿ ತಂದೆಯ ಶಕ್ತಿ ಮಗಳಿಗೂ ಬಂದಿರುತ್ತದೆ. ಕೊನೆಯ ಘಟ್ಟದಲ್ಲಿ, ಮುದಿ ಲೇಖಕ ಫೆನೋಗ್ಲಿಯೊ ಹೊಸದಾಗಿ ಬರೆದುಕೊಟ್ಟ ಸಾಲುಗಳನ್ನು ಮೆಗ್ಗಿ ಶತ್ರುಗಳ ನಡುವೆ ನಿಂತು ಗಟ್ಟಿಯಾಗಿ ಓದುತ್ತಾಳೆ. ದನಿ ನಡುಗುವುದಿಲ್ಲ. ಆದರೆ ಒಬ್ಬನ ಸಾವನ್ನು ಉಚ್ಚರಿಸಬೇಕಾದ ಸಾಲು ಬಂದಾಗ ಅವಳ ಬಾಯಿ ಕಟ್ಟುತ್ತದೆ. ಆಗ ತಂದೆ ಹಾಳೆಯನ್ನು ತೆಗೆದುಕೊಂಡು ಮುಂದಿನದನ್ನು ಓದಿ ಮುಗಿಸುತ್ತಾನೆ. ವರ್ಷಗಟ್ಟಲೆ ಮಗಳ ಮುಂದೆ ಗಟ್ಟಿಯಾಗಿ ಓದದೆ ಬಾಯಿ ಬಿಗಿದಿದ್ದವನು ಅವಳಿಗೆ ಕಷ್ಟವಾದ ಸಾಲನ್ನು ತಾನು ಎತ್ತಿಕೊಳ್ಳುತ್ತಾನೆ.

ನಮ್ಮ ಮಕ್ಕಳಿಗೂ ಕನ್ನಡದ ಎಷ್ಟೋ ಸಾಲುಗಳು ಕಷ್ಟವಾಗುತ್ತವೆ. ಅವರು ತಡವರಿಸಿದ ಕಡೆ ತಿದ್ದಲು ಕುಳಿತವರು ನಾವು ಬೇಕಾದಷ್ಟು ಮಂದಿ ಇದ್ದೇವೆ. ಹಾಳೆಯನ್ನು ತೆಗೆದುಕೊಂಡು ಮುಂದಕ್ಕೆ ಓದುವವರು ಬೇಕಾಗಿದ್ದಾರೆ.